ಹದ್ನಾಕು ಪಾಯಿಂಟ್ ಎರಡು

ಹಾಂ, ಎಲ್ಲಿಗೆ ಬಂದಿದ್ವಿ, ಮೀಟರ್ ಇಟ್ಟಿದ್ರಲ್ಲ, ಅಲ್ಲಿಗೆ. ಅಣ್ಣನ ಕೈಯಲ್ಲಿ ಮುಳ್ಳಿನ ಮೀಟರು, ಅತ್ತಿಗೆ ಕೈಯಲ್ಲಿ ನಂಬರ್ ತೋರ್ಸೋ ಮೀಟರು, ಮಧ್ಯ ಡಬಲ್ ಸ್ಟ್ಯಾಂಡ್ ಹಾಕಿ ಸೀಟು ಬಿಚ್ಚಿಟ್ಟಿರೋ ಬೈಕು. ಬೈಕಿನ ಹಿಂದೆ ಕನ್ನಡಕದಂಗಡಿ ಸಾರ್, ಆಪರೇಶನ್ ಥಿಯೇಟರ್ ಬಾಗ್ಲಲ್ಲಿ ನಿಂತಿರೋರ ಥರ ಮುಖ ಮಾಡ್ಕೊಂಡು.

ಅತ್ತಿಗೆ: ನನ್ನ ಕಾಯಿಲ್ ತಂಟೆಗೆ ಬರ್ಬೇಡಿ, ಮೊದ್ಲೇ ಹೇಳಿದೀನಿ.

ಅಣ್ಣ: ತಂಟೆ ಏನ್ ಬಂತು ಇದ್ರಲ್ಲಿ. ಕಾಯಿಲ್ ಹೋಗಿರ್ಬೋದು ಅಂದೆ ಅಷ್ಟೇ.

ಅತ್ತಿಗೆ: ಹೋಗಿರ್ಬೋದಂತೆ. ನಾನು ಸುತ್ತಿದ್ ಕಾಯಿಲ್ ನನ್ನ ಕೇಳ್ದೆ ಎಲ್ಲಿಗೂ ಹೋಗಲ್ಲ.

ಅಣ್ಣ: ಹಂಗಾದ್ರೆ ನಾನು ಕೂರ್ಸಿದ್ ರೆಗ್ಯುಲೇಟರ್ ಹೇಳ್ದೆ ಕೇಳ್ದೆ ಹೋಯ್ತಾ?

ಅತ್ತಿಗೆ: ಅದು ನಿಮ್ಮ ಹತ್ರ ಬೆಳ್ದಿರೋದಲ್ವಾ ರೀ. ಯಾರ್ ಮಾತೂ ಕೇಳಲ್ಲ.

ಸ್ವಂತ ಅಣ್ಣ ಅತ್ತಿಗೆ ಅಲ್ಲ ನಂಗೆ, ಇಡೀ ಬೀದಿಗೇ ಅವರು ಅಣ್ಣ ಅತ್ತಿಗೆ. ಅಂಗಡಿ ಒಂದೇ, ಬಾಗ್ಲು ಒಂದೇ, ಒಳಗೆ ಮಾತ್ರ ಎರಡು. ಎಡಗಡೆ ಅಣ್ಣಂದು, ಬೈಕ್ ರಿಪೇರಿ. ಬಲಗಡೆ ಅತ್ತಿಗೆದು, ತಾಮ್ರದ ತಂತಿ ಸುತ್ತೋ ಕೆಲ್ಸ. ಫ್ಯಾನು, ಪಂಪು, ಮಿಕ್ಸಿ, ಬೈಕಿನ ಕಾಯಿಲ್ಲು, ಏನ್ ಸುಟ್ಟೋದ್ರೂ ಬಿಚ್ಚಿ, ಹಳೇ ತಂತಿ ಕಿತ್ತು, ಎಣಿಸ್ಕೊಂಡು ಹೊಸದಾಗಿ ಸುತ್ತಿ, ವಾರ್ನಿಶ್ ಹೊಡ್ದು ಕೊಡ್ತಾರೆ. ಮಧ್ಯ ಗೋಡೆ ಇಲ್ಲ, ಸ್ಪ್ಯಾನರ್ ಇಡೋ ಒಂದು ಕಬ್ಬಿಣದ ಶೆಲ್ಫ್ ಇದೆ. ಅದರ ಸಂದಿಯಲ್ಲೇ ಇವರ ಸಂಸಾರ ನಡಿಯೋದು. ಅಣ್ಣಂಗೆ ಸ್ಕ್ರೂ ಡ್ರೈವರ್ ಬೇಕು ಅಂದ್ರೆ ಆ ಸಂದಿಯಿಂದ ಅತ್ತಿಗೆ ಕೈ ಬರುತ್ತೆ, ಸ್ಕ್ರೂ ಡ್ರೈವರ್ ಜತೆಗೆ ಒಂದು ಮಾತೂ ಬರುತ್ತೆ.

ಈ ಗಲಾಟೆ ಅರ್ಥ ಆಗ್ಬೇಕು ಅಂದ್ರೆ ನಿಮಗೆ ಇಷ್ಟು ಗೊತ್ತಿದ್ರೆ ಸಾಕು. ಬೈಕಿನ ಇಂಜಿನ್ ತಿರುಗ್ವಾಗ ಒಳಗಿರೋ ಕಾಯಿಲ್ಲು ಕರೆಂಟ್ ಹುಟ್ಸುತ್ತೆ. ಅದು ಹುಚ್ಚು ಕರೆಂಟು, ಹಂಗೇ ಬಿಟ್ರೆ ಆಗಲ್ಲ. ರೆಗ್ಯುಲೇಟರ್ ಅಂತ ಒಂದು ಪುಟ್ಟ ಡಬ್ಬಿ ಅದನ್ನ ಹಿಡ್ದು, ಪಳಗ್ಸಿ, ಬ್ಯಾಟರಿಗೆ ಹಾಕುತ್ತೆ. ಸಾರ್ ಬೈಕಿಗೆ ಕಾಯಿಲ್ ಸುತ್ತಿದ್ದು ಅತ್ತಿಗೆ. ರೆಗ್ಯುಲೇಟರ್ ಕೂರ್ಸಿದ್ದು ಅಣ್ಣ. ಎರಡೂ ಒಂದೇ ದಿನ, ಮೂರು ತಿಂಗಳ ಹಿಂದೆ. ಈಗ ಬ್ಯಾಟರಿ ಚಾರ್ಜ್ ಆಗ್ತಿಲ್ಲ ಅಂದ್ರೆ ಇಬ್ಬರಲ್ಲಿ ಒಬ್ಬರ ಮರ್ಯಾದೆ ಹೋಗ್ಲೇಬೇಕು, ಬೇರೆ ದಾರಿ ಇಲ್ಲ.

ಆದ್ರೆ ನಿಜವಾದ ಕಷ್ಟ ಸಾರ್‌ದು. ಅವರು ಬರೀ ಅಂಗಡೀಲಿ ಕೂರೋರಲ್ಲ. ವಯಸ್ಸಾದವರ ಮನೆಗೇ ಹೋಗಿ ಕಣ್ಣು ನೋಡಿ, ಅಕ್ಷರದ ಪಟ್ಟಿ ಗೋಡೆಗೆ ನೇತಾಕಿ ಓದ್ಸಿ, ಅಳತೆ ತಗೊಂಡು ಬರ್ತಾರೆ. ಹಿಂದುಗಡೆ ಸೀಟಲ್ಲಿ ಲೆನ್ಸಿನ ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ಅವರ ಹೆಂಡ್ತಿ. ಹೋಗ್ತಾ ಗಾಡಿ ಚೆನ್ನಾಗೇ ಹೋಗುತ್ತೆ. ಎರಡ್ಮೂರು ಮನೆ ಮುಗ್ಸಿ ಕೆಳಗಿಳಿದು ಬಂದು ಬಟನ್ ಒತ್ತಿದ್ರೆ ಟಕ್, ಟಕ್. ಅಷ್ಟೇ. ಕಿಕ್ಕರ್ ಇಲ್ಲದ ಗಾಡಿ. ಸಾರ್ ಮೇಲೆ ಕೂತ್ಕೋಬೇಕು, ಮೇಡಂ ಹಿಂದಿಂದ ತಳ್ಬೇಕು. ಬ್ಯಾಟರಿ ಎರಡು ಸಲ ಬದ್ಲಾಯ್ಸಿದ್ದಾಯ್ತು. ಈ ಗಲಾಟೆಗೆ ಒಂದು ವಾರ ಮುಂಚೆ ಮೂರನೇ ಸಲ ತಳ್ವಾಗ ಮೇಡಂ ಚಪ್ಪಲಿ ಕಿತ್ತೋಯ್ತಂತೆ. ಅವತ್ತೇ ಖಡಾಖಂಡಿತವಾಗಿ ಹೇಳ್ಬಿಟ್ರಂತೆ, ಮುಂದಿನ ಶನಿವಾರ ಐದು ಗಂಟೆ ಒಳಗೆ ಸರಿಯಾಗ್ಲಿಲ್ಲ ಅಂದ್ರೆ ಗಾಡಿ ಡ್ರೈವಿಂಗ್ ಸ್ಕೂಲಿನವರಿಗೆ ಕೊಟ್ಬಿಡೋದು ಅಂತ. ಡ್ರೈವಿಂಗ್ ಸ್ಕೂಲ್ ಮೇಡಂ ಗಾಡಿ ಒಂದ್ಸಲ ದಾರೀಲಿ ನೋಡಿ ಇಷ್ಟಪಟ್ಟಿದ್ರು, ಐದಕ್ಕೆ ಇಲ್ಲಿಗೇ ಬರ್ತೀನಿ ಅಂದಿದ್ರು. ನಾನು ಹೇಳ್ತಿರೋದು ಆ ಶನಿವಾರದ ಕಥೆನೇ. ಸಾರ್‌ಗೆ ಗಾಡಿ ಕೊಡಕ್ಕೆ ಮನಸ್ಸಿಲ್ಲ. ಆದ್ರೆ ಹೆಂಡ್ತಿಗೆ ಹೂಂ ಅಂದಿದ್ದಾರೆ, ಆ ಮೇಡಂಗೂ ಹೂಂ ಅಂದಿದ್ದಾರೆ. ಯಾರಿಗೂ ಇಲ್ಲ ಅಂದು ಅಭ್ಯಾಸನೇ ಇಲ್ಲದ ಮನುಷ್ಯ.

ಸರಿ, ಇಂಜಿನ್ ಸ್ಟಾರ್ಟ್ ಮಾಡಿದ್ರು. ಅಣ್ಣ ಮುಳ್ಳಿನ ಮೀಟರ್ ಬ್ಯಾಟರಿಗೆ ಇಟ್ರು. ಹದಿನಾಲ್ಕು ವೋಲ್ಟಿನ ಪಕ್ಕ ಹೋಗಿ ನಿಂತ್ಕೊಂಡು ನಡುಗ್ತಿತ್ತು ಮುಳ್ಳು. ಅಲ್ಲಾಡೋದು ಜೀವ ಇರೋದ್ರ ಗುರುತು ಅಂತ ಅಣ್ಣ. ಅಲ್ಲಾಡೋದು ವಯಸ್ಸಾಗಿರೋದ್ರ ಗುರುತು ಅಂತ ಅತ್ತಿಗೆ ತಮ್ಮ ಮೀಟರ್ ಇಟ್ರು. ಹದ್ನಾಕು ಪಾಯಿಂಟ್ ಎರಡು. ಆಕ್ಸಿಲರೇಟರ್ ಕೊಟ್ಟು ನೋಡಿದ್ರು, ಹದ್ನಾಕು ಪಾಯಿಂಟ್ ಎರಡು. ಹೆಡ್‌ಲೈಟ್ ಹಾಕಿದ್ರು, ಅದೇ. ಇದಕ್ಕಿಂತ ಚೆನ್ನಾಗಿ ಯಾವ ಗಾಡಿನೂ ಚಾರ್ಜ್ ಆಗಲ್ಲ. ಮುಂಚೆ ತಂದಾಗ್ಲೂ ಹಿಂಗೇ ಆಗಿತ್ತು, ಹಿಂಗೇ ನೋಡಿ ಬ್ಯಾಟರಿನ ಬೈದು ಕಳ್ಸಿದ್ರು.

ಸಾರ್: ಅಂದ್ರೆ ಸರಿ ಇದೆಯಾ?

ಅಣ್ಣ: ಮೀಟರ್ ಪ್ರಕಾರ ಸರಿ ಇದೆ ಸಾರ್.

ಸಾರ್: ನನ್ನ ಹೆಂಡ್ತಿ ಪ್ರಕಾರ ಇಲ್ಲ.

ಅತ್ತಿಗೆ: ಮೇಡಂ ಮೀಟರ್‌ಗಿಂತ ಮೇಲು ಬಿಡಿ ಸಾರ್. ಮೀಟರ್ ತಳ್ಳಿಲ್ವಲ್ಲ.

ಗಾಡಿ ತಪ್ಪಿಲ್ಲ ಅಂದ್ರೆ ಗಾಡಿ ಓಡ್ಸೋರ ತಪ್ಪೇ ಇರ್ಬೇಕು ಅಂತ ಇಬ್ಬರೂ ಸಾರ್ ಮೇಲೆ ತಿರುಗಿದ್ರು. ಹೆಡ್‌ಲೈಟ್ ಹಗಲೊತ್ತು ಹಾಕ್ಕೊಂಡು ಓಡಾಡ್ತೀರಾ ಅಂತ ಅಣ್ಣ, ಇಲ್ಲ. ಮೊಬೈಲ್ ಚಾರ್ಜರ್ ಹಾಕ್ಸಿದೀರಾ ಅಂತ ಅತ್ತಿಗೆ, ಇಲ್ಲ. ಕೀ ಆಫ್ ಮಾಡೋದು ಮರೀತೀರಾ, ಇಲ್ಲ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಹೋಗ್ತೀರಾ, ಲೈಟ್ ಉರೀತಾನೇ ಇರುತ್ತೆ ಅಂತ ಅಣ್ಣ, ಇಲ್ವೇ ಇಲ್ಲ.

ಅಣ್ಣ: ಹಾರ್ನ್? ಜಾಸ್ತಿ ಹೊಡೀತೀರಾ?

ಸಾರ್: ಹಾರ್ನ್ ಹೊಡ್ಯೋದು ಒಂಥರಾ ಬೈದಂಗೆ ಅಲ್ವೇನಪ್ಪಾ. ನಾನು ಹೊಡ್ಯಲ್ಲ.

ಅಣ್ಣ: ಮುಂದಿರೋರು ಹೆಂಗ್ ದಾರಿ ಬಿಡ್ತಾರೆ ಮತ್ತೆ?

ಸಾರ್: ಅವರಿಗೇ ಒಂದಲ್ಲ ಒಂದು ಸಲ ಅನ್ಸುತ್ತೆ.

ಅತ್ತಿಗೆ ಸೆರಗು ಬಾಯಿಗಿಟ್ಕೊಂಡು ಕಾಯಿಲ್ ಕಡೆ ತಿರುಗ್ಕೊಂಡ್ರು. ಅಣ್ಣ ಮಾತ್ರ ಬಿಡ್ಲಿಲ್ಲ, ಹೋಗ್ತಾ ಸರಿ ಬರ್ತಾ ನಿಲ್ಲುತ್ತೆ ಅಂದ್ರೆ ಎಲ್ಲೋ ಲೂಸ್ ಇದೆ, ಕಾಯಿಲ್ ಕವರ್ ಬಿಚ್ಚಿ ನೋಡೇಬಿಡ್ತೀನಿ ಅಂತ ಸ್ಪ್ಯಾನರ್ ತಗೊಂಡ್ರು. ಅತ್ತಿಗೆ ಸ್ಪ್ಯಾನರ್ ಕಿತ್ಕೊಂಡ್ರು. ಆ ಕವರ್ ಬಿಚ್ಚಿದ್ರೆ ಆಯಿಲ್ ಚೆಲ್ಲುತ್ತೆ, ಗ್ಯಾಸ್ಕೆಟ್ ಹರಿಯುತ್ತೆ, ಮೊದ್ಲು ನಿಮ್ಮ ಡಬ್ಬಿ ನೋಡ್ಕೊಳ್ಳಿ ಅಂತ ಅವರೇ ಮಂಡಿಯೂರಿ ಕೂತ್ರು. ರೆಗ್ಯುಲೇಟರ್ ಇರೋದು ಸೀಟಿನ ಕೆಳಗೆ ಪಕ್ಕಕ್ಕೆ, ಬೆನ್ನ ತುಂಬ ಅಲ್ಯೂಮಿನಿಯಂ ಗೆರೆಗೆರೆ, ಬಿಸಿ ಹೊರಗೆ ಹೋಗ್ಲಿ ಅಂತ. ಅದರ ಪ್ಲಗ್ ಹಿಡ್ಯಕ್ಕೆ ಅತ್ತಿಗೆ ಕೈ ಒಳಗೆ ಹಾಕಿದ್ರು. ಒಂದು ಹನಿ ನೀರು ಅವರ ಮಣಿಕಟ್ಟಿನ ಮೇಲೆ ಬಿತ್ತು. ಆಮೇಲೆ ಇನ್ನೊಂದು.

ಅತ್ತಿಗೆ: ಸಾರ್, ಇದೇನ್ ನೀರು?

ಸಾರ್: ಅಲ್ಲೂ ಉಳ್ಕೊಂಡಿದ್ಯಾ? ಸಾರಿ, ಒರ್ಸಿದ್ದೆ, ಆ ಮೂಲೆಗೆ ಕೈ ಹೋಗಿರ್ಲಿಲ್ಲ.

ಅತ್ತಿಗೆ: ಗಾಡಿ ತೊಳ್ದು ತಂದ್ರಾ?

ಸಾರ್: ತೊಳೀದೆ ಹೆಂಗಮ್ಮಾ ತರೋದು?

ಅತ್ತಿಗೆ: ಹೋದ್ಸಲ?

ಸಾರ್: ತೊಳ್ದೇ ತಂದಿದ್ದೆ.

ಅತ್ತಿಗೆ: ಅದರ ಹಿಂದಿನ ಸಲ?

ಸಾರ್: ಅವತ್ತು ಶಾಂಪೂ ಕೂಡ ಹಾಕಿದ್ದೆ. ಮೆಕ್ಯಾನಿಕ್ ಹತ್ರ ಹೋಗ್ತಾ ಕೊಳಕು ಗಾಡಿ ತಗೊಂಡೋದ್ರೆ ನೀವೇನ್ ಅಂದ್ಕೋತೀರಾ ನನ್ ಬಗ್ಗೆ.

ಅಣ್ಣ ಸುತ್ತಲೂ ಅಂಗಡಿ ನೋಡಿದ್ರು. ಗೋಡೆ ಕಪ್ಪು, ನೆಲ ಕಪ್ಪು, ಅವರ ಬನಿಯನ್ ಯಾವ ಕಾಲದಲ್ಲಿ ಬಿಳೀದಾಗಿತ್ತೋ. ಈ ಅಂಗಡಿಗೆ ಒಬ್ಬರು ಸ್ನಾನ ಮಾಡ್ಸಿ ಗಾಡಿ ಕರ್ಕೊಂಡು ಬರ್ತಾರೆ ಅಂತ ಅವರಿಗೆ ಜೀವಮಾನದಲ್ಲಿ ಹೊಳ್ದಿರ್ಲಿಲ್ಲ. ಎಷ್ಟೊತ್ತು ತೊಳೀತೀರಾ ಅಂತ ಮೆಲ್ಲಗೆ ಕೇಳಿದ್ರು. ಒಂದು ಗಂಟೆ, ಆಮೇಲೆ ನೆರಳಲ್ಲಿ ಒಣಗಕ್ಕೆ ಬಿಟ್ಟು ಒಂದು ಗಂಟೆ ಅಂದ್ರು ಸಾರ್. ಅವರ ಮನೆ ಇರೋದು ಪಕ್ಕದ ಬೀದೀಲಿ. ಅಲ್ಲಿಂದ ಇಲ್ಲಿಗೆ ಬರೋಷ್ಟರಲ್ಲಿ ಇಂಜಿನ್ ಬೆಚ್ಚಗೂ ಆಗಿರಲ್ಲ.

ಅತ್ತಿಗೆ: ಸಾರ್, ನಿಮ್ಮ ಹತ್ರ ಕಣ್ಣು ಟೆಸ್ಟಿಗೆ ಬರೋರು ಅಕ್ಷರ ಎಲ್ಲ ಮನೇಲೇ ಬಾಯಿಪಾಠ ಮಾಡ್ಕೊಂಡು ಬಂದ್ರೆ ನಿಮಗೆ ನಂಬರ್ ಗೊತ್ತಾಗುತ್ತಾ?

ಸಾರ್: ಹೆಂಗ್ ಗೊತ್ತಾಗುತ್ತೆ, ಎಲ್ಲಾ ಸರಿಯಾಗೇ ಓದ್ತಾರಲ್ಲ.

ಅತ್ತಿಗೆ: ನಿಮ್ಮ ಗಾಡಿ ಅದನ್ನೇ ಮಾಡ್ತಿದೆ.

ಸಾರ್ ಟ್ಯಾಂಕ್ ಮೇಲೆ ಕೈ ಇಟ್ಟು, ಪಾಪ ಅಂದ್ರು. ಯಾರಿಗೆ ಅಂದ್ರೋ ಗೊತ್ತಾಗ್ಲಿಲ್ಲ.

ಬಿಸಿಯಾದ್ರೆ ಮಾತ್ರ ಬರೋ ತೊಂದ್ರೆ ತಣ್ಣಗಿರೋ ಗಾಡೀಲಿ ಕಾಣಲ್ಲ, ಈಗ ಮಾಡ್ಬೇಕಾಗಿದ್ದು ಒಂದೇ. ಗಾಡಿನ ಚೆನ್ನಾಗಿ ಓಡ್ಸಿ, ಬಿಸಿ ಮಾಡಿ, ನಿಲ್ಸದೆ, ಒರ್ಸದೆ, ಸೀದಾ ಇಲ್ಲಿಗೆ ತರ್ಬೇಕು. ಓಡ್ಸೋದೆಲ್ಲ ಸಾರ್‌ಗೆ ಒಪ್ಗೆ ಆಯ್ತು, ಒರ್ಸದೆ ಅನ್ನೋದು ಮಾತ್ರ ಗಂಟಲಲ್ಲಿ ಇಳೀಲಿಲ್ಲ. ಅತ್ತಿಗೆ ಕೈ ಚಾಚಿದ್ರು, ಬಟ್ಟೆ ಕೊಡಿ ಅಂತ. ಶರ್ಟ್ ಜೇಬಿಂದ ಕನ್ನಡಕ ಒರ್ಸೋ ಬಟ್ಟೆ ಒಂದು ಬಂತು. ಪ್ಯಾಂಟಿನ ಎರಡು ಜೇಬಿಂದ ಎರಡು. ಅತ್ತಿಗೆ ಕೈ ವಾಪಸ್ ತಗೊಳ್ಲಿಲ್ಲ. ಕನ್ನಡಕದ ಡಬ್ಬಿಯಿಂದ ನಾಲ್ಕನೇದು ಬಂತು. ಸಾಲ್ದು ಅಂತ ಅಣ್ಣನ್ನ ಹಿಂದುಗಡೆ ಕೂರ್ಸಿ ಕಳ್ಸಿದ್ರು, ಕಾವಲಿಗೆ.

ಮುಕ್ಕಾಲು ಗಂಟೆ ಆದ್ಮೇಲೆ ಬಂದ್ರು. ಎಲ್ಲೋ ಪೈಪಿಗೆ ರಸ್ತೆ ಅಗ್ದಿದ್ರಂತೆ, ಅದರೊಳಗೇ ಓಡ್ಸಕ್ಕೆ ಹೇಳಿದ್ದಾರೆ ಅಣ್ಣ. ಗಾಡಿ ಹೆಡ್‌ಲೈಟ್ ತನಕ ಕೆಸರು, ಸಾರ್ ಕನ್ನಡಕದ ಮೇಲೂ ಎರಡು ಚುಕ್ಕೆ. ಸಾರ್ ಕೆಳಗಿಳಿದು ಗಾಡಿಗೆ ಬೆನ್ನು ಮಾಡಿ ನಿಂತ್ರು, ನೋಡಿದ್ರೆ ಕೈ ಹೋಗುತ್ತೆ ಅಂತ. ಸಿಗ್ನಲ್ ಹತ್ರ ಇವರು ಕಾಲುಚೀಲದಿಂದ ಐದನೇ ಬಟ್ಟೆ ತೆಗೆದ್ರು ಕಣೇ ಅಂತ ಅಣ್ಣ ದೂರು ಹೇಳಿದ್ರು.

ಇಂಜಿನ್ ಆಫ್ ಮಾಡದೇ ಮೀಟರ್ ಇಟ್ರು. ಹನ್ನೆರಡು ಪಾಯಿಂಟ್ ಒಂದು. ಆಕ್ಸಿಲರೇಟರ್ ಕೊಟ್ರೂ ಏಳ್ಲಿಲ್ಲ, ಹನ್ನೆರಡಕ್ಕೆ ಇಳೀತು. ಮುಳ್ಳಿನ ಮೀಟರೂ ಅದನ್ನೇ ಹೇಳ್ತು, ಈ ಸಲ ನಡುಗದೆ. ಮೂರು ತಿಂಗಳಿಂದ ಕಣ್ಣಾಮುಚ್ಚಾಲೆ ಆಡ್ತಿದ್ದ ಕಾಯಿಲೆ ಕೈಗೆ ಸಿಕ್ಕಿತ್ತು. ಅಂಗಡೀಲಿ ಎಲ್ಲರಿಗೂ ಖುಷಿಯಾಯ್ತು, ಯಾರ ತಪ್ಪು ಅಂತ ನೆನಪಾಗೋ ತನಕ.

ಅಣ್ಣ: ನೋಡಿದ್ಯಾ, ಬಿಸಿಯಾದ್ರೆ ನಿನ್ನ ಕಾಯಿಲ್ ಕೈ ಕೊಡ್ತಿದೆ.

ಅತ್ತಿಗೆ: ಬಿಸಿಯಾದ್ರೆ ಕೈ ಕೊಡೋದು ನೀವು. ನಿಲ್ಲಿ, ಈಗ್ಲೇ ತೋರಿಸ್ತೀನಿ.

ಕಾಯಿಲ್‌ನಿಂದ ರೆಗ್ಯುಲೇಟರ್‌ಗೆ ಮೂರು ಹಳದಿ ವೈರ್ ಬರುತ್ತೆ. ಅತ್ತಿಗೆ ಆ ಪ್ಲಗ್ ಕಿತ್ತು, ಇಂಜಿನ್ ಓಡ್ತಿರೋ ಹಾಗೇ ಎರಡೆರಡು ವೈರ್ ಹಿಡ್ದು ಅಳೆದ್ರು. ಒಂದೂ ಎರಡೂ ಮಧ್ಯ ಎಷ್ಟೋ, ಎರಡೂ ಮೂರೂ ಮಧ್ಯ ಅಷ್ಟೇ, ಒಂದೂ ಮೂರೂ ಮಧ್ಯನೂ ಅಷ್ಟೇ. ಮೂರೂ ಸಮ ಇದ್ರೆ ಕಾಯಿಲ್ ಆರೋಗ್ಯವಾಗಿದೆ ಅಂತ. ಅಣ್ಣ ತಮ್ಮ ಮೀಟರಲ್ಲಿ ಅಳೆದ್ರು, ಅದೂ ಸಮ. ಇಂಜಿನ್ ನಿಲ್ಸಿ, ಕಾಯಿಲ್ ತಂತಿ ಎಲ್ಲಾದ್ರೂ ಇಂಜಿನ್ ಲೋಹಕ್ಕೆ ತಾಗಿದ್ಯಾ ಅಂತ ನೋಡಿದ್ರು, ಇಲ್ಲ. ಇನ್ನೊಂದ್ಸಲ ನೋಡಿದ್ರು. ಮೂರನೇ ಸಲಕ್ಕೆ ಅತ್ತಿಗೆ ಸ್ಟೂಲ್ ಎಳ್ಕೊಂಡು ಕೂತು ಟೀ ತರಿಸ್ಕೊಂಡ್ರು.

ಅಣ್ಣ ಕೆಟ್ಟ ಮನುಷ್ಯ ಅಲ್ಲ, ಅದೊಂದು ಹೇಳ್ಬೇಕು. ಪ್ಲಗ್ ಮತ್ತೆ ಹಾಕಿ, ಇಂಜಿನ್ ಸ್ಟಾರ್ಟ್ ಮಾಡಿ, ತಾವೇ ಒಂದು ಒದ್ದೆ ಬಟ್ಟೆ ತಂದು ರೆಗ್ಯುಲೇಟರ್ ಬೆನ್ನ ಮೇಲೆ ಹಾಕಿದ್ರು. ಚುಂಯ್ ಅಂತು. ಮೀಟರ್ ಹನ್ನೆರಡರಿಂದ ಹನ್ನೆರಡೂವರೆ, ಹದಿಮೂರು, ಹದಿಮೂರು ಪಾಯಿಂಟ್ ಒಂಬತ್ತು. ಬಟ್ಟೆ ತೆಗೆದು ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಕೆಳಗೆ. ತಂಪಿದ್ದಾಗ ಸಾಧು, ಬಿಸಿಯಾದ್ರೆ ಕೆಲ್ಸಕ್ಕೆ ಚಕ್ಕರ್.

ಅಣ್ಣ: ರೆಗ್ಯುಲೇಟರ್ರೇ.

ಅತ್ತಿಗೆ: ಏನಂದ್ರಿ, ಇಂಜಿನ್ ಸದ್ದಲ್ಲಿ ಕೇಳ್ಸಲಿಲ್ಲ.

ಅಣ್ಣ ಇಂಜಿನ್ ಆಫ್ ಮಾಡಿದ್ರು.

ಅಣ್ಣ: ರೆಗ್ಯುಲೇಟರ್ ಅಂದೆ.

ಅತ್ತಿಗೆ: ಈಗ ಕೇಳಿಸ್ತು. ಸಾರ್, ನಿಮಗೆ ಕೇಳಿಸ್ತಾ?

ಸಾರ್‌ಗೆ ಕೇಳ್ಸಿತ್ತು, ಆದ್ರೆ ಅಣ್ಣಂಗೆ ಬೇಜಾರಾಗ್ಬಾರ್ದು ಅಂತ ಅರ್ಧ ಕೇಳಿಸ್ತು ಅಂದ್ರು.

ಎರಡು ಬೋಲ್ಟು ಬಿಚ್ಚಿದ್ರೆ ರೆಗ್ಯುಲೇಟರ್ ಕೈಗೆ ಬಂತು. ಬಿಸಿ ಇತ್ತು, ಅಣ್ಣ ಕೈಯಿಂದ ಕೈಗೆ ಹಾರಿಸ್ತಾ ತಿರುಗಿಸಿದ್ರು. ಹಿಂದುಗಡೆ ಒಂದು ಬಿಳಿ ಟೇಪು ಅಂಟಿತ್ತು. ಟೇಪ್ ಮೇಲೆ ಪೆನ್ನಲ್ಲಿ ದುಂಡಗೆ ಏನೋ ಬರ್ದಿತ್ತು. ಅಣ್ಣ ಅದನ್ನ ನೋಡಿದ್ರು, ಅತ್ತಿಗೆನ ನೋಡಿದ್ರು, ಮತ್ತೆ ಟೇಪ್ ನೋಡಿದ್ರು. ಮುಖದ ಮೇಲೆ ಹೆಡ್‌ಲೈಟ್ ಹೊತ್ಕೊಂಡಂಗಾಯ್ತು.

ಅಣ್ಣ: ಸಾರ್, ನಿಮ್ಮ ಕಣ್ಣು ಚೆನ್ನಾಗಿದೆ. ಇದು ಏನ್ ಬರ್ದಿದೆ ಸ್ವಲ್ಪ ಓದಿ.

ಸಾರ್: ಒಳ್ಳೇದು.

ಅಣ್ಣ: ಅಕ್ಷರ ಯಾರ್ದು ಇರ್ಬೋದು?

ಸಾರ್ ಓದೋದಷ್ಟೇ ನನ್ನ ಕೆಲ್ಸ ಅಂದ್ಬಿಟ್ಟು ಹಿಂದೆ ಸರಿದ್ರು. ಅದು ಅತ್ತಿಗೆ ಅಕ್ಷರ ಅಂತ ಇಡೀ ಬೀದಿಗೆ ಗೊತ್ತು. ಹಳೇ ಗಾಡಿಯಿಂದ ಬಿಚ್ಚಿದ್ ಸಾಮಾನೆಲ್ಲ ಅವರ ಮೇಜಿಗೇ ಹೋಗೋದು, ಅವರು ಟೆಸ್ಟ್ ಮಾಡಿ, ಚೆನ್ನಾಗಿರೋದಕ್ಕೆ ಒಳ್ಳೇದು ಅಂತ ಟೇಪ್ ಹಚ್ಚಿ ಡ್ರಾಯರಲ್ಲಿ ಇಡ್ತಾರೆ, ಅಣ್ಣ ಅಲ್ಲಿಂದ ತಗೊಂಡು ಹಾಕ್ತಾರೆ. ಮೇಜಿನ ಮೇಲೆ, ಫ್ಯಾನ್ ಕೆಳಗೆ, ತಣ್ಣಗಿದ್ದಾಗ ಮಾಡೋ ಟೆಸ್ಟು ಅದು.

ಅತ್ತಿಗೆ: ಟೆಸ್ಟ್ ಮಾಡ್ದಾಗ ಒಳ್ಳೇದೇ ಇತ್ತು. ನಿಮ್ಮ ಕಡೆ ಬಂದ್ಮೇಲೆ ಕೆಟ್ಟಿದ್ದು.

ಅಣ್ಣ ಟೇಪ್ ಮೆಲ್ಲಗೆ ಕಿತ್ತು ತಮ್ಮ ಎದೆ ಮೇಲೆ ಅಂಟಿಸ್ಕೊಂಡ್ರು. ಹಂಗೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಡ್ಕೊಂಡು ಹೋಗಿ, ಬೀದಿ ಪೂರ್ತಿ ಎದೆ ಮೇಲೆ ಒಳ್ಳೇದು ಅಂತ ಇಟ್ಕೊಂಡು, ಹೊಸ ರೆಗ್ಯುಲೇಟರ್ ತಂದ್ರು. ಅತ್ತಿಗೆ ನಗ್ಬಾರ್ದು ಅಂತ ಒಂದು ಫ್ಯಾನಿನ ಕಾಯಿಲ್ ಸುತ್ತಕ್ಕೆ ಶುರು ಮಾಡಿದ್ರು, ಲೆಕ್ಕ ತಪ್ತು, ಬಿಚ್ಚಿದ್ರು.

ಹೊಸದು ಕೂರ್ಸೋದು ಹತ್ತು ನಿಮಿಷದ ಕೆಲ್ಸ. ಅದು ಕೂರೋ ಜಾಗದ ತುಕ್ಕನ್ನ ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯೋ ಹಂಗೆ ಮಾಡಿದ್ರು ಅಣ್ಣ, ಅಲ್ಲಿ ಅರ್ತಿಂಗ್ ಚೆನ್ನಾಗಿ ಸಿಗ್ಬೇಕು ಅಂತ. ಆ ಒಂದು ಜಾಗ ಹೊಳೆಯೋದು ನೋಡಿ ಸಾರ್‌ಗೂ ಸ್ವಲ್ಪ ಸಮಾಧಾನ ಆಯ್ತು. ಈ ಸಲ ಯಾರೂ ಅವಸರ ಮಾಡ್ಲಿಲ್ಲ. ಹೆಡ್‌ಲೈಟ್ ಹಾಕಿ, ಅಣ್ಣ ಇನ್ನೊಂದು ದೊಡ್ಡ ಸುತ್ತು ಹೊಡ್ಕೊಂಡು ಬಂದು, ಬಿಸಿಬಿಸಿ ಗಾಡಿಗೆ ಮೀಟರ್ ಇಟ್ರು. ಹದ್ನಾಕು ಪಾಯಿಂಟ್ ಎರಡು. ಕಾಲು ಗಂಟೆ ಬಿಟ್ಟು ನೋಡಿದ್ರೂ ಅದೇ.

ಗಂಟೆ ನಾಲ್ಕೂ ಮುಕ್ಕಾಲು. ಸಾರ್ ಹೆಂಡ್ತಿಗೆ ಫೋನ್ ಮಾಡಿ ಸರಿಯಾಯ್ತು ಅಂದ್ರು. ಆ ಕಡೆಯಿಂದ ಮೇಡಂ, ಸರಿ ಇಟ್ಕೊಳ್ಳಿ, ಆದ್ರೆ ಕೊಡಲ್ಲ ಅಂತ ಅವರಿಗೆ ನೀವೇ ಬಾಯಿಬಿಟ್ಟು ಹೇಳ್ಬೇಕು, ನಾನ್ ಹೇಳಲ್ಲ ಅಂತ ಫೋನ್ ಇಟ್ರಂತೆ. ಸಾರ್ ಮುಖ ಬಿಳಚ್ಕೊಳ್ತು. ಗಾಡಿ ಸರಿಯಾಗಿತ್ತು, ಈಗ ಸಾರ್ ಸ್ಟಾರ್ಟ್ ಆಗ್ಬೇಕಿತ್ತು.

ಅತ್ತಿಗೆ: ಪ್ರಾಕ್ಟೀಸ್ ಮಾಡಿ ಸಾರ್. ನಾನೇ ಆ ಮೇಡಂ ಅಂದ್ಕೊಳ್ಳಿ. ನಮಸ್ಕಾರ, ಗಾಡಿ ತಗೊಂಡೋಗಕ್ಕೆ ಬಂದಿದೀನಿ.

ಸಾರ್: ಬನ್ನಿ ಬನ್ನಿ, ಕೂತ್ಕೊಳ್ಳಿ.

ಅಣ್ಣ: ಕೂತ್ಕೊಳ್ಳಿ ಅನ್ಬಾರ್ದು ಸಾರ್. ಕೊಡಲ್ಲ ಅನ್ಬೇಕು.

ಸಾರ್: ಕೊಡಲ್ಲ ಅಂತೇನಿಲ್ಲ, ಆದ್ರೆ…

ಅಣ್ಣ: ಆದ್ರೆ ಬೇಡ. ಬರೀ ಕೊಡಲ್ಲ.

ಸಾರ್: ಬರೀ ಕೊಡಲ್ಲ ಅಂದ್ರೆ ಒರಟಾಗಲ್ವಾ? ದಯವಿಟ್ಟು ಕೊಡಲ್ಲ ಅನ್ಲಾ?

ಹತ್ತು ಸಲ ಹೇಳ್ಸಿದ್ರು. ಒಂಬತ್ತನೇ ಸಲ ಪರವಾಗಿಲ್ಲ ಅನ್ನೋ ಥರ ಬಂತು. ಹತ್ತನೇ ಸಲ ಮತ್ತೆ ಕೂತ್ಕೊಳ್ಳಿ ಅಂದ್ರು.

ಐದಕ್ಕೆ ಸರಿಯಾಗಿ ಡ್ರೈವಿಂಗ್ ಸ್ಕೂಲ್ ಮೇಡಂ ಬಂದ್ರು. ಎಲ್ರನ್ನೂ ಕ್ಲಚ್ ಬಿಡಪ್ಪಾ ಅಂತ ಗದರಿಸಿ ಗದರಿಸಿ ಗಟ್ಟಿಯಾಗಿರೋ ಗಂಟಲು. ಸಾರ್ ಬಾಯಿ ತೆಗೆಯೋದ್ರೊಳಗೆ ಅವರು ಗಾಡಿ ನೋಡಿದ್ರು. ಕೆಸರು ಹಂಗೇ ಇತ್ತು, ಯಾರೂ ಒರ್ಸಕ್ಕೆ ಬಿಟ್ಟಿರ್ಲಿಲ್ವಲ್ಲ.

ಡ್ರೈವಿಂಗ್ ಸ್ಕೂಲ್ ಮೇಡಂ: ಇದಾ? ನಾನ್ ನೋಡ್ದಾಗ ಕನ್ನಡಿ ಥರ ಇತ್ತು. ಬೇಡ ಬಿಡಿ, ನಂಗೆ ಇದು ಬೇಡ.

ಮುಗೀತು ಕಥೆ. ಸಾರ್ ಸರಿ ಅಂದಿದ್ರೆ ಸಾಕಿತ್ತು. ಅಣ್ಣ ಅತ್ತಿಗೆ ಇಬ್ಬರೂ ಉಸಿರು ಬಿಟ್ರು. ಮೇಡಂ ತಿರುಗಿದ್ರು, ಎರಡು ಹೆಜ್ಜೆ ಹೋದ್ರು.

ಸಾರ್: ಬೇಡ ಅಂದ್ರೆ? ಏನ್ ನೋಡಿ ಬೇಡ ಅಂದ್ರಿ?

ಎಲ್ಲರೂ ಸಾರ್ ಕಡೆ ನೋಡಿದ್ರು. ಸಾರ್ ಕಿವಿ ಕೆಂಪಾಗಿತ್ತು. ಹನ್ನೊಂದು ವರ್ಷದಿಂದ ಒಂದು ಗೀರು ಬಿದ್ದಿಲ್ಲ ಈ ಗಾಡಿಗೆ, ಇದು ಕೆಸರು, ಕೆಸರು ಗಾಡಿ ಅಲ್ಲ ಅಂದ್ರು. ಶರ್ಟಿನ ತುದಿ ಎಳ್ಕೊಂಡು ಟ್ಯಾಂಕ್ ಉಜ್ಜಕ್ಕೆ ಶುರು ಮಾಡಿದ್ರು. ಚೈನಿಗೆ ಎಷ್ಟು ದಿನಕ್ಕೊಂದು ಸಲ ಎಣ್ಣೆ, ಟೈರಿಗೆ ಎಷ್ಟು ಗಾಳಿ, ಒಂದೊಂದಾಗಿ ಹೇಳಿದ್ರು. ಅಣ್ಣ ಹಿಂದಿಂದ ಶರ್ಟ್ ಜಗ್ಗಿದ್ರು, ಗಮನಕ್ಕೇ ಬರ್ಲಿಲ್ಲ. ಬಟನ್ ಒತ್ತಿ ನೋಡಿ ನೀವೇ ಅಂದ್ರು. ಮೇಡಂ ಒತ್ತಿದ್ರು. ಅರ್ಧ ಕ್ಷಣ ಕೂಡ ಆಗ್ಲಿಲ್ಲ, ಇಂಜಿನ್ ಎದ್ದು ಕೂತ್ಕೊಳ್ತು.

ಡ್ರೈವಿಂಗ್ ಸ್ಕೂಲ್ ಮೇಡಂ: ಅರೆ, ಪರವಾಗಿಲ್ವೇ. ಹಂಗಾದ್ರೆ ತಗೊಂಡೋಗ್ತೀನಿ. ಕೀ ಕೊಡಿ.

ಸಾರ್ ಕೈ ಟ್ಯಾಂಕ್ ಮೇಲೇ ನಿಂತೋಯ್ತು. ಕೊಡಲ್ಲ ಅಂತ ಹೇಳಕ್ಕೆ ತುಟಿ ರೆಡಿಯಾಯ್ತು, ಕ ತನಕ ಬಂತು, ಆಮೇಲೆ ಏನಾಯ್ತೋ, ಕೂತ್ಕೊಳ್ಳಿ ಅಂದ್ರು. ಮೇಡಂ ಅಣ್ಣನ ಕಡೆ ತಿರುಗಿ, ಏನಪ್ಪಾ ಮೆಕ್ಯಾನಿಕ್ಕು, ಗಾಡಿಯಲ್ಲಿ ಏನೂ ತೊಂದ್ರೆ ಇಲ್ವಲ್ಲ, ನಿಜ ಹೇಳು ಅಂದ್ರು.

ಯೋಚ್ನೆ ಮಾಡಿ, ಬೆಳಗ್ಗೆಯಿಂದ ಒದ್ದಾಡಿ ಆಗಷ್ಟೇ ಸರಿ ಮಾಡಿರೋ ಗಾಡಿ. ಅಣ್ಣ ಸಾರ್ ಮುಖ ನೋಡಿದ್ರು. ಅತ್ತಿಗೆ ಶೆಲ್ಫಿನ ಸಂದಿಯಿಂದ ಸಾರ್ ಮುಖ ನೋಡಿದ್ರು. ಇಬ್ಬರೂ ಒಟ್ಟಿಗೆ ಬಾಯಿ ತೆಗೆದ್ರು.

ಅಣ್ಣ: ರೆಗ್ಯುಲೇಟರ್ ಸರಿ ಇಲ್ಲ ಮೇಡಂ. ನಾನೇ ಹಾಕಿದ್ದು, ನಂಗೇ ನಂಬಿಕೆ ಇಲ್ಲ.

ಅತ್ತಿಗೆ: ಕಾಯಿಲ್ ಸರಿ ಇಲ್ಲ ಮೇಡಂ. ನಾನೇ ಸುತ್ತಿದ್ದು, ಲೆಕ್ಕ ತಪ್ಪಿತ್ತು ಅವತ್ತು.

ಮೇಡಂ ಇವರನ್ನ ನೋಡಿದ್ರು, ಅವರನ್ನ ನೋಡಿದ್ರು. ಯಾವ್ದು ಹೋಗಿರೋದು, ಕಾಯಿಲ್ಲಾ ರೆಗ್ಯುಲೇಟರ್ರಾ ಅಂತ ಕೇಳಿದ್ರು.

ಅಣ್ಣ: ಕಾಯಿಲ್ ಚಿನ್ನದಂಥದ್ದು ಮೇಡಂ. ಅವಳ ಕೈಕೆಲ್ಸ ಯಾವತ್ತೂ ಕೆಟ್ಟಿಲ್ಲ. ತಪ್ಪೆಲ್ಲ ನಂದೇ.

ಅತ್ತಿಗೆ: ಸುಮ್ನಿರ್ರೀ. ಮೇಡಂ, ಇವರು ಹಾಕಿದ್ ಸಾಮಾನು ಹಂಗೆಲ್ಲ ಕೆಡಲ್ಲ. ತಪ್ಪು ನಂದು.

ಅಣ್ಣ: ನಂದು ಅಂದ್ನಲ್ಲ.

ಅತ್ತಿಗೆ: ನಂದು ಅಂದ್ಮೇಲೆ ನಂದು.

ಡ್ರೈವಿಂಗ್ ಸ್ಕೂಲ್ ಮೇಡಂ: ತಪ್ಪು ನಂದು, ನಂದು ಅಂತ ಗಂಡ ಹೆಂಡ್ತಿ ಕಿತ್ತಾಡ್ತಿದ್ದಾರೆ ಅಂದ್ರೆ ಆ ಗಾಡಿಯಲ್ಲಿ ಏನೋ ಭಯಂಕರವಾದ್ದೇ ಇದೆ.

ಅಂದವರು ಹೊರಟೇಹೋದ್ರು. ಸಾರ್ ಸ್ಟೂಲ್ ಮೇಲೆ ಕುಸಿದು ಕೂತ್ರು, ಕಣ್ಣಲ್ಲಿ ನೀರು, ಕನ್ನಡಕ ಒರ್ಸಕ್ಕೆ ಒಂದು ಬಟ್ಟೆನೂ ಇಲ್ಲ. ಅತ್ತಿಗೆ ಅವರದ್ದನ್ನೆಲ್ಲ ವಾಪಸ್ ಕೊಟ್ರು.  

ಅಣ್ಣ: ನನ್ನ ಸಾಮಾನು ಹಂಗೆಲ್ಲ ಕೆಡಲ್ಲ ಅಂದ್ಯಲ್ಲ, ಅದು ಮನಸ್ಸಿಂದ ಹೇಳಿದ್ದಾ, ಅವರನ್ನ ಓಡ್ಸಕ್ಕಾ?

ಅತ್ತಿಗೆ: ನೀವು ಚಿನ್ನ ಅಂದ್ರಲ್ಲ, ಅದು?

ಅಣ್ಣ: ಮೊದ್ಲು ನಾನು ಕೇಳಿದ್ದು.

ಅತ್ತಿಗೆ: ಉತ್ತರ ಹೇಳೋದು ಮೊದ್ಲು ಯಾರು ಅಂತ ಕೇಳ್ತಿರೋದು ನಾನು.

ಇನ್ನೂ ಇಬ್ಬರೂ ಹೇಳಿಲ್ಲ. ಶನಿವಾರದಿಂದ ಅದೇ ನಡೀತಿದೆ, ಸಾರ್ ದಿನಾ ಸಾಯಂಕಾಲ ಹೆಂಡ್ತಿನ ಹಿಂದೆ ಕೂರಿಸ್ಕೊಂಡು ಬಂದು, ಗಾಡಿ ಆಫ್ ಮಾಡದೇ ನಿಂತು ಕೇಳಿಸ್ಕೊಂಡು ಹೋಗ್ತಾರೆ. ನೀವೂ ಹೋಗಿ ಒಂದ್ಸಲ, ಗಾಡಿ ಇಲ್ದೇ ಇದ್ರೂ ಪರವಾಗಿಲ್ಲ, ಸುಟ್ಟೋಗಿರೋ ಒಂದು ಮಿಕ್ಸಿ ಎತ್ಕೊಂಡು ಹೋಗಿ. ಶೆಲ್ಫ್ ಪಕ್ಕದಲ್ಲಿ ಸ್ಟೂಲ್ ಇರುತ್ತೆ, ಕೂತ್ಕೊಳ್ಳಿ. ಯಾರ ಪರ ಅಂತ ಕೇಳಿದ್ರೆ ಮಾತ್ರ ಬಾಯಿ ಬಿಡ್ಬೇಡಿ, ಒಬ್ಬರ ಪರ ಅಂದ್ರೋ, ಇಬ್ಬರೂ ಸೇರಿ ನಿಮ್ಮನ್ನೇ ಬಿಚ್ಚಿ ಟೆಸ್ಟ್ ಮಾಡ್ತಾರೆ.